ಪಿಟಿಎಸ್‌ಡಿಗೆ ಸಿಬಿಡಿ ಎಣ್ಣೆ: ಸಂಶೋಧನೆಯಲ್ಲಿ ನಿಜವಾಗಿ ಏನು ಸಿಕ್ಕಿದೆ?

ಕಾಫಿಹೂವು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಭಾವ ಸೇನೆಯಿಂದ ನಿವೃತ್ತರಾಗಿ ಊರಿಗೆ ಬಂದಿದ್ದಾರೆ. ನಮ್ಮದು ಕೊಡಗು. ಇಲ್ಲಿ ಕೈಲ್‌ಪೊಳ್ದ್‌ಗೂ ಕೋವಿ, ಪುತ್ತರಿಗೆ ಕದಿರು ತೆಗೆಯುವಾಗಲೂ ಗುಂಡು. ಹಬ್ಬ ಬಂತೆಂದರೆ ಇವರು ಒಳಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ. ರಾತ್ರಿ ನಿದ್ದೆ ಇಲ್ಲ. ಬಂದರೂ ಕೂಗಿಕೊಂಡು ಏಳುತ್ತಾರೆ. ಮನೋವೈದ್ಯರು ಪಿಟಿಎಸ್‌ಡಿ, ಅಂದರೆ ದೊಡ್ಡ ಆಘಾತದ ನಂತರ ಮನಸ್ಸಿನಲ್ಲಿ ಉಳಿದುಬಿಡುವ ಕಾಯಿಲೆ ಎಂದಿದ್ದಾರೆ. ಖಿನ್ನತೆ, ಆತಂಕಕ್ಕೆ ಕೊಡುವ ಸರ್ಟ್ರಲಿನ್ ಮಾತ್ರೆ ನಡೀತಿದೆ. ಸ್ವಲ್ಪ ವಾಸಿ, ಪೂರ್ತಿ ಇಲ್ಲ.

ಅವರ ಹಳೇ ಯೂನಿಟ್‌ನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ “ಅಮೆರಿಕದ ಮಾಜಿ ಸೈನಿಕರೆಲ್ಲ ಇದನ್ನೇ ತಗೊಳ್ತಾರೆ” ಎಂದು ಗಾಂಜಾ ಗಿಡದಿಂದ ಮಾಡುವ ಸಿಬಿಡಿ ಎಣ್ಣೆಯ ಲಿಂಕ್ ಹಾಕಿದ್ದಾರೆ. ಭಾವ ತರಿಸಿಯೂ ಬಿಟ್ಟರು. ಬಾಟಲಿ ಈಗ ನನ್ನ ಕೈಯಲ್ಲಿದೆ. 30 ಮಿ.ಲೀ. ಮುಂದೆ ದಪ್ಪಕ್ಷರದಲ್ಲಿ 1500 ಮಿ.ಗ್ರಾಂ ಅಂತ ಇದೆ. ಹಿಂದೆ ತಿರುಗಿಸಿದರೆ ಸಣ್ಣಕ್ಷರದಲ್ಲಿ “ವಿಜಯಾ ಎಲೆಯ ಸಾರ 1500 ಮಿ.ಗ್ರಾಂ, ಉಳಿದದ್ದು ಹೆಂಪ್ ಬೀಜದ ಎಣ್ಣೆ”. ವಿಜಯಾ, ಹೆಂಪ್ ಎರಡೂ ಗಾಂಜಾ ಗಿಡದ ಹೆಸರೇ ಅಂತೆ. ಅದರಲ್ಲಿ ಸಿಬಿಡಿ ಎಷ್ಟು ಎಂದು ಎಲ್ಲೂ ಬರೆದಿಲ್ಲ. ದಿನಕ್ಕೆ ಹತ್ತು ಹನಿ ನಾಲಿಗೆಯ ಕೆಳಗೆ ಹಾಕಿಕೊಳ್ಳಬೇಕಂತೆ.

ನನಗೆ ಜಾಹೀರಾತು ಬೇಡ, ಭಯಪಡಿಸುವ ಭಾಷಣವೂ ಬೇಡ. ಇದರ ಬಗ್ಗೆ ಸರಿಯಾದ ಸಂಶೋಧನೆ ನಡೆದಿದೆಯಾ? ನಡೆದಿದ್ದರೆ ಏನು ಸಿಕ್ಕಿದೆ? ಗೊತ್ತಿರುವವರು ಹೇಳಿ.

ಮಾತ್ರೆಡಬ್ಬಿ

ನಾನು ಫಾರ್ಮಕಾಲಜಿ ಪಾಠ ಮಾಡುವವನು. ರೋಗಿಗಳನ್ನು ನೋಡುವ ವೈದ್ಯನಲ್ಲ. ಅಷ್ಟನ್ನು ಗಮನದಲ್ಲಿಟ್ಟುಕೊಂಡು ಓದಿ, ಮೇಡಂ.

ಗಾಂಜಾ ಗಿಡದಲ್ಲಿ ಮುಖ್ಯವಾಗಿ ಎರಡು ವಸ್ತು. ನಶೆ ತರುವುದು ಟಿಎಚ್‌ಸಿ. ನಶೆ ತರದಿರುವುದು ಸಿಬಿಡಿ. ಸಿಬಿಡಿಯನ್ನು ಗಿಡದಿಂದ ಬೇರ್ಪಡಿಸಿದ್ದು 1940ರಲ್ಲಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. ಅದರ ರಚನೆಯನ್ನು ಸರಿಯಾಗಿ ಬಿಡಿಸಿ ತೋರಿಸಿದ್ದು 1963ರಲ್ಲಿ ಇಸ್ರೇಲಿನ ರಾಫೆಲ್ ಮೆಶೌಲಮ್. ಪೊಲೀಸರ ಹತ್ತಿರ ಐದು ಕಿಲೋ ಚರಸ್ ಕೇಳಿ ಪಡೆದು, ಚೀಲದಲ್ಲಿ ತುಂಬಿಕೊಂಡು ಬಸ್ಸಲ್ಲಿ ಲ್ಯಾಬಿಗೆ ತಂದ ಪುಣ್ಯಾತ್ಮ ಅವರೇ.

ಪಿಟಿಎಸ್‌ಡಿಗೆ ಇದು ಆಗಬಹುದು ಎಂಬ ಯೋಚನೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಒಂದು ಶಬ್ದ ಕೇಳಿದಾಗಲೆಲ್ಲ ಇಲಿಗೆ ಸಣ್ಣ ಶಾಕ್ ಕೊಟ್ಟರೆ, ಆಮೇಲೆ ಬರೀ ಶಬ್ದಕ್ಕೇ ಅದು ಮರಗಟ್ಟಿ ನಿಲ್ಲುತ್ತದೆ. ಶಾಕ್ ಇಲ್ಲದೆ ಅದೇ ಶಬ್ದವನ್ನು ಮತ್ತೆ ಮತ್ತೆ ಕೇಳಿಸಿದರೆ ನಿಧಾನಕ್ಕೆ ಹೆದರಿಕೆ ಇಳಿಯುತ್ತದೆ. ಹಳೇ ನೆನಪು ಅಳಿಸಿಹೋಗುವುದಿಲ್ಲ. “ಈಗ ಏನೂ ಆಗಲ್ಲ” ಎಂಬ ಹೊಸ ಪಾಠ ಅದರ ಮೇಲೆ ಕೂರುತ್ತದೆ. ಪಿಟಿಎಸ್‌ಡಿ ಇರುವವರಲ್ಲಿ ಈ ಹೊಸ ಪಾಠ ಸರಿಯಾಗಿ ಕೂರುವುದಿಲ್ಲ ಎನ್ನುವುದು ಒಂದು ಮುಖ್ಯ ವಾದ.

2002ರಲ್ಲಿ ಜರ್ಮನಿಯ ಒಂದು ತಂಡ, ಮಿದುಳಿನ ಸಿಬಿ1 ಗ್ರಾಹಕ (ರಿಸೆಪ್ಟರ್, ಅಂದರೆ ಜೀವಕೋಶದ ಮೇಲೆ ರಾಸಾಯನಿಕ ಬಂದು ಕೂರುವ ಜಾಗ) ಇಲ್ಲದ ಇಲಿಗಳನ್ನು ಬೆಳೆಸಿ ನೋಡಿತು. ನಮ್ಮ ಮೈಯಲ್ಲೇ ತಯಾರಾಗುವ, ಗಾಂಜಾದ ವಸ್ತುಗಳನ್ನು ಹೋಲುವ ಆನಂದಮೈಡ್ ಹೋಗಿ ಕೂರುವುದು ಈ ಗ್ರಾಹಕದ ಮೇಲೆ. ಆ ಇಲಿಗಳು ಹೆದರಲು ಕಲಿತವು. ಆದರೆ ಹೆದರಿಕೆ ಬಿಡಲು ಕಲಿಯಲಿಲ್ಲ. ಅಲ್ಲಿಂದ ಈ ಕಡೆ ಎಲ್ಲರ ಗಮನ ಹರಿಯಿತು. ಸಿಬಿಡಿ ನೇರವಾಗಿ ಸಿಬಿ1 ಮೇಲೆ ಹೋಗಿ ಕೂರುವುದಿಲ್ಲ. ಆನಂದಮೈಡ್ ಬೇಗ ಒಡೆದುಹೋಗದಂತೆ ನೋಡಿಕೊಳ್ಳುತ್ತದೆ, ಮಿದುಳಿನ ಇನ್ನೊಂದು ರಾಸಾಯನಿಕವಾದ ಸೆರೊಟೋನಿನ್‌ನ ಒಂದು ಗ್ರಾಹಕದ ಮೇಲೂ ಕೆಲಸ ಮಾಡುತ್ತದೆ ಎಂಬ ಲೆಕ್ಕಾಚಾರ. ಇದರಲ್ಲಿ ಬಹುಪಾಲು ಇಲಿಗಳಲ್ಲಿ ಕಂಡದ್ದು ಎನ್ನುವುದು ನೆನಪಿರಲಿ.

ಮನುಷ್ಯರ ಮೇಲೆ 2013ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ನೋಡಿದರು. 48 ಜನ, ಎಲ್ಲ ಆರೋಗ್ಯವಂತರು. ಬಣ್ಣದ ಡಬ್ಬಿಯ ಚಿತ್ರ ತೋರಿಸಿ ಸಣ್ಣ ಶಾಕ್ ಕೊಟ್ಟರು. ಆಮೇಲೆ ಶಾಕ್ ಇಲ್ಲದೆ ಅದೇ ಚಿತ್ರ. ಆ ಎರಡನೇ ಪಾಠ ಮುಗಿದ ತಕ್ಷಣ 32 ಮಿ.ಗ್ರಾಂ ಸಿಬಿಡಿಯನ್ನು ಆವಿಯಾಗಿ ಎಳೆದುಕೊಂಡವರಲ್ಲಿ ಪಾಠ ಚೆನ್ನಾಗಿ ನಿಂತಿತು.

ಇಲ್ಲಿಯವರೆಗೆ ಕಥೆ ಚೆನ್ನಾಗಿದೆ. ಮುಂದೆ ರೋಗಿಗಳ ವಿಷಯಕ್ಕೆ ಬಂದಾಗ ಅಷ್ಟು ಸಲೀಸಾಗಿಲ್ಲ.

ಸುಮ್ನೆಕೇಳ್ದೆ

ಅಂದ್ರೆ ಸಿಬಿಡಿ ಸುಮ್ನೆ ಕುಡಿದು ಮಲಗಿದರೆ ಪ್ರಯೋಜನ ಇಲ್ಲ, ಜತೆಗೆ ಆ “ಪಾಠ” ನಡೆಯಬೇಕು ಅಂತಲಾ?

ಮಾತ್ರೆಡಬ್ಬಿ

ಆ ಇಲಿಗಳ ಪ್ರಯೋಗ ಹೇಳುವುದು ಅದನ್ನೇ. ಬರೀ ಆತಂಕ ಇಳಿಸುವ ಗುಣ ಬೇರೆ ಇದೆ ಎನ್ನುವವರೂ ಇದ್ದಾರೆ. ಆದರೆ ಪಿಟಿಎಸ್‌ಡಿಗೆ ಇದನ್ನು ಯೋಚಿಸಿದ್ದು ಥೆರಪಿಯ ಜತೆಗಾರನಾಗಿ. ಮಾರುವವರು ಹೇಳದೇ ಬಿಡುವುದು ಇದನ್ನೇ.

ಮರಳುಗಾಡಿನ ಕನ್ನಡಿಗ

ನಾನಿರುವುದು ಅರಿಝೋನಾದ ಫೀನಿಕ್ಸ್‌ನಲ್ಲಿ. ವಾಟ್ಸ್‌ಆ್ಯಪ್‌ನವರು ಹೇಳುವ “ಅಮೆರಿಕದ ಮಾಜಿ ಸೈನಿಕರು” ನನ್ನ ಅಕ್ಕಪಕ್ಕದ ಮನೆಯವರೇ. ಗಾಂಜಾ ಸೇದುವವರು ಇದ್ದಾರೆ, ಸಿಬಿಡಿ ತೆಗೆದುಕೊಳ್ಳುವವರೂ ಇದ್ದಾರೆ. ಅದು ಸುಳ್ಳಲ್ಲ. ಆದರೆ ಈ ವಿಷಯದ ದೊಡ್ಡ ಪರೀಕ್ಷೆ ನಡೆದದ್ದೂ ಇದೇ ಊರಿನಲ್ಲಿ. ಅದರ ಕಥೆ ಕೇಳಿದರೆ ಸಂಶೋಧನೆ ಯಾಕೆ ಇಷ್ಟು ನಿಧಾನ ಅಂತ ಗೊತ್ತಾಗುತ್ತದೆ.

ಸೂ ಸಿಸ್ಲಿ ಎಂಬ ವೈದ್ಯೆ. ಮಾಜಿ ಸೈನಿಕರಿಗೆ ಗಾಂಜಾ ಕೊಟ್ಟು ಪಿಟಿಎಸ್‌ಡಿ ಇಳಿಯುತ್ತದೋ ಇಲ್ಲವೋ ನೋಡಬೇಕು ಎಂದು ಹೊರಟರು. ಮ್ಯಾಪ್ಸ್ ಎಂಬ ಲಾಭರಹಿತ ಸಂಸ್ಥೆ ಬೆನ್ನಿಗಿತ್ತು. ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಒಪ್ಪಿತು. ಆದರೆ ಇಲ್ಲಿ ಗಾಂಜಾ ಸಂಶೋಧನೆಗೆ ಅದೊಂದೇ ಒಪ್ಪಿಗೆ ಸಾಲುತ್ತಿರಲಿಲ್ಲ. ಇನ್ನೊಂದು ಇಲಾಖೆಯ ಒಪ್ಪಿಗೆ ಬಂದದ್ದು 2014ರಲ್ಲಿ. ಅದೇ ವರ್ಷ ಅರಿಝೋನಾ ವಿಶ್ವವಿದ್ಯಾಲಯ ಅವರ ಕರಾರನ್ನು ಮುಂದುವರಿಸಲಿಲ್ಲ. ರಾಜಕೀಯ ಒತ್ತಡ ಎಂದು ಅವರು, ಅಲ್ಲ ಎಂದು ವಿಶ್ವವಿದ್ಯಾಲಯ. ಮಾದಕವಸ್ತು ನಿಯಂತ್ರಣ ಸಂಸ್ಥೆ ಡಿಇಎ ಸಹಿ ಹಾಕಿದ್ದು 2016ರಲ್ಲಿ. ಮೊದಲ ಸೈನಿಕ ಟ್ರಯಲ್ಲಿಗೆ ಸೇರಿದ್ದು 2017ರಲ್ಲಿ. ಮಧ್ಯೆ ಹಣ ಕೊಟ್ಟದ್ದು ಕೊಲರಾಡೋ ರಾಜ್ಯ, ಸುಮಾರು 20 ಲಕ್ಷ ಡಾಲರ್.

ಮಾಲಿನದು ಇನ್ನೊಂದು ಪುರಾಣ. 1968ರಿಂದ ಸಂಶೋಧನೆಗೆ ಗಾಂಜಾ ಬೆಳೆಯುವ ಅನುಮತಿ ಇದ್ದದ್ದು ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕೆ ಮಾತ್ರ. ಅಲ್ಲಿಂದ ಬಂದ ಪೊಟ್ಟಣ ಬಿಚ್ಚಿದರೆ ಪೇಲವ ಬಣ್ಣದ ಪುಡಿ, ನಡುವೆ ಕಡ್ಡಿ, ಕೆಲವದರಲ್ಲಿ ಬೂಷ್ಟು. ಆ ಫೋಟೋ ಇಲ್ಲಿ ಟಿವಿಯಲ್ಲೆಲ್ಲ ಬಂತು. ಊರಿನ ಅಂಗಡಿಯಲ್ಲಿ ಸಿಗುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆಮೇಲೆ 2021ರಲ್ಲಿ ಡಿಇಎ ಬೇರೆಯವರಿಗೂ ಬೆಳೆಯಲು ದಾರಿ ಬಿಟ್ಟಿತು. ಸಿಸ್ಲಿಯವರ ಸಂಸ್ಥೆಗೂ ಅವಕಾಶ ಸಿಕ್ಕಿತು. ಆದರೆ ಅಷ್ಟರಲ್ಲಿ ಟ್ರಯಲ್ ಮುಗಿದಿತ್ತು.

ಫಲಿತಾಂಶ 2021ರಲ್ಲಿ ಬಂತು. 80 ಮಾಜಿ ಸೈನಿಕರು, ನಾಲ್ಕು ಗುಂಪು. ಒಂದಕ್ಕೆ ಟಿಎಚ್‌ಸಿ ಜಾಸ್ತಿ ಇರುವ ಗಾಂಜಾ, ಒಂದಕ್ಕೆ ಸಿಬಿಡಿ ಜಾಸ್ತಿ ಇರುವುದು, ಒಂದಕ್ಕೆ ಎರಡೂ ಸಮ, ಒಂದಕ್ಕೆ ಎರಡೂ ತೆಗೆದುಬಿಟ್ಟ ಸೊಪ್ಪು. ಮೂರು ವಾರ ಸೇದಿದರು. ನಾಲ್ಕೂ ಗುಂಪಿನವರು ಸುಧಾರಿಸಿದರು. ಸೊಪ್ಪು ಸೇದಿದವರೂ! ಗುಂಪುಗಳ ನಡುವೆ ಲೆಕ್ಕಕ್ಕೆ ಸಿಗುವಂಥ ವ್ಯತ್ಯಾಸ ಇರಲಿಲ್ಲ.

ಹತ್ತು ವರ್ಷ ಗುದ್ದಾಡಿ ಸಿಕ್ಕ ಉತ್ತರ ಇದು. ನನಗೆ ಸಿಸ್ಲಿಯವರ ಬಗ್ಗೆ ಗೌರವ ಇದೆ. ಆದರೆ ಇದೇ ಟ್ರಯಲ್ ತೋರಿಸಿ “ಗಾಂಜಾ ಸುರಕ್ಷಿತ, ಎಲ್ಲರೂ ಸುಧಾರಿಸಿದರು” ಅಂತ ಮಾರುವವರನ್ನು ನೋಡಿದಾಗ ಮೈ ಉರಿಯುತ್ತದೆ.

ಸುಮ್ನೆಕೇಳ್ದೆ

ಸೊಪ್ಪು ಸೇದಿದವರೂ ಸುಧಾರಿಸಿದ್ದು ಹೇಗೆ ಅಂತ? ಅವರಿಗೆ ನಶೆ ಬರಲಿಲ್ಲ ಅಂತ ಗೊತ್ತಾಗಲ್ವಾ?

ಮರಳುಗಾಡಿನ ಕನ್ನಡಿಗ

ಒಳ್ಳೇ ಪ್ರಶ್ನೆ. ಸಿಬಿಡಿಯಲ್ಲೂ ನಶೆ ಇಲ್ಲ, ಆದ್ದರಿಂದ “ನನಗೆ ಸಿಬಿಡಿ ಬಂದಿರಬೇಕು” ಎಂದುಕೊಳ್ಳಲು ಅವಕಾಶ ಇದೆ. ಇನ್ನೊಂದು, ಯೋಚಿಸಿ: ವರ್ಷಗಟ್ಟಲೆ ಯಾರೂ ಕೇಳದ ಮನುಷ್ಯನನ್ನು ವಾರ ವಾರ ಕರೆದು, ಕೂರಿಸಿ, ರಾತ್ರಿ ಹೇಗಿತ್ತು, ಕನಸು ಬಂತಾ ಅಂತ ಗಂಟೆಗಟ್ಟಲೆ ಕೇಳುತ್ತಾರೆ. ಅದೇ ಅರ್ಧ ಔಷಧಿ ಆಗಿರಬಹುದು. ಇದು ನನ್ನ ಊಹೆ ಅಷ್ಟೆ.

ಭಂಗಿಬಸವ

ಬಿಳಿಯರ ಟ್ರಯಲ್ ಬಂದ ಮೇಲೇ ನಾವು ನಂಬಬೇಕಾ? ನಮ್ಮ ಯಾದಗಿರಿ ಕಡೆ ತಿಂಥಿಣಿ ಮೌನೇಶ್ವರ ಜಾತ್ರೆಗೆ ಬನ್ನಿ. ಅಲ್ಲಿ ಭಂಗಿ ಪ್ರಸಾದ. ಶರಣರು, ಅವಧೂತರು, ಆರೂಢರು ಧ್ಯಾನಕ್ಕೆ ಬಳಸುತ್ತಿದ್ದದ್ದೇ ಭಂಗಿ. ಅವರ ಮನಸ್ಸು ನೆಟ್ಟಗಿರಲಿಲ್ವಾ? ಸಾವಿರಾರು ವರ್ಷದ ಪ್ರಯೋಗ ನಮ್ಮದು. ಸರ್ಟ್ರಲಿನ್ ನಿನ್ನೆ ಮೊನ್ನೆ ಬಂದದ್ದು.

ಧಾರವಾಡದ ವೈದ್ಯೆ

ನೋಡ್ರಿ, ನಾನು ಆಯುರ್ವೇದ ಓದಿದವಳು, ವಿಜಯಾ ಬಗ್ಗೆ ನನಗೂ ಅಭಿಮಾನ ಇದೆ. ಆದರೆ ಎರಡು ವಿಷಯ ಕಲಸಬೇಡಿ.

ನಮ್ಮ ಗ್ರಂಥಗಳು ವಿಜಯಾವನ್ನು ವಿಷದ್ರವ್ಯಗಳ ಸಾಲಿಗೆ ಸೇರಿಸಿವೆ. ಶುದ್ಧಿ ಮಾಡಿ, ಅಳತೆ ನೋಡಿ, ಬೇರೆ ದ್ರವ್ಯಗಳ ಜತೆ ಕೊಡುವುದು. ಈಗಿನ ಔಷಧ ಕಾನೂನಿನ ಇ(1) ಪಟ್ಟಿಯಲ್ಲೂ ಭಂಗಿ ಇದೆ. ಅಂದರೆ ಆ ಪಟ್ಟಿಯ ದ್ರವ್ಯ ಸೇರಿದ, ಹೊಟ್ಟೆಗೆ ತೆಗೆದುಕೊಳ್ಳುವ ಔಷಧಿಯ ಮೇಲೆ ವೈದ್ಯರ ನಿಗಾದಲ್ಲಿ ಮಾತ್ರ ತೆಗೆದುಕೊಳ್ಳಿ ಎಂಬ ಎಚ್ಚರಿಕೆ ಇರಲೇಬೇಕು. ಮೇಡಂ, ನಿಮ್ಮ ಬಾಟಲಿಯ ಮೇಲೆ ಅದು ಇದೆಯಾ ನೋಡಿ. ಚೀಟಿ ಕೇಳದೆ ಕಳಿಸಿದ್ದರೆ ಅಲ್ಲೇ ಅನುಮಾನ ಪಡಿ.

ಇನ್ನು ಭಂಗಿಬಸವ ಅವರಿಗೆ. ಜಾತ್ರೆಯ ಭಂಗಿ ಬೇರೆ, ಸಿಬಿಡಿ ಬೇರೆ. ಭಂಗಿಯ ಮತ್ತು ಬರುವುದೇ ಟಿಎಚ್‌ಸಿಯಿಂದ. ಶರಣರು ಗುರುವಿನ ಮುಂದೆ, ಒಂದು ಶಿಸ್ತಿನಲ್ಲಿ ತೆಗೆದುಕೊಂಡದ್ದಕ್ಕೂ, ಗುಂಡಿನ ಸದ್ದಿಗೆ ಬೆಚ್ಚಿಬೀಳುವ ಮನುಷ್ಯ ಒಬ್ಬನೇ ಕೋಣೆಯಲ್ಲಿ ಕೂತು ತೆಗೆದುಕೊಳ್ಳುವುದಕ್ಕೂ ಏನು ಸಂಬಂಧ? ಟಿಎಚ್‌ಸಿ ಜಾಸ್ತಿಯಾದರೆ ಎದೆ ಬಡಿತ ಏರುತ್ತದೆ, ಅನುಮಾನದ ಯೋಚನೆ ಬರುತ್ತದೆ. ಪಿಟಿಎಸ್‌ಡಿ ಇರುವವರಿಗೆ ಅದೇ ಸಾಕು, ರಾತ್ರಿಯಿಡೀ ಎದ್ದು ಕೂರಲು.

ಭಂಗಿಬಸವ

ನಾನು ಹೇಳಿದ್ದು ಸೇದಿ ಅಂತ ಅಲ್ಲ ಡಾಕ್ಟ್ರೇ. ನಮ್ಮವರು ಯಾಕೆ ಟ್ರಯಲ್ ಮಾಡಲ್ಲ ಅಂತ. ಗಿಡ ನಮ್ಮದು, ಪೇಪರ್ ಅವರದ್ದು.

ಧಾರವಾಡದ ವೈದ್ಯೆ

ಆ ಮಾತು ಒಪ್ಪಿದೆ. 1985ರ ಎನ್‌ಡಿಪಿಎಸ್ ಎಂಬ ಮಾದಕವಸ್ತು ಕಾನೂನು ಬಂದ ಮೇಲೆ ನಮ್ಮಲ್ಲಿ ಇದನ್ನು ಮುಟ್ಟಲು ಹೆದರುವವರೇ ಜಾಸ್ತಿ. ಜಮ್ಮುವಿನ ಸಿಎಸ್‌ಐಆರ್ ಸಂಸ್ಥೆಯವರು ಅನುಮತಿ ಪಡೆದು ಬೆಳೆಯುತ್ತಿದ್ದಾರೆ, ಆದರೆ ಅವರ ಗಮನ ಹೆಚ್ಚಾಗಿ ನೋವು, ಮೂರ್ಛೆರೋಗದ ಕಡೆ.

ಕಾನೂನಿನ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಎನ್‌ಡಿಪಿಎಸ್ ಪ್ರಕಾರ ಗಾಂಜಾ ಎಂದರೆ ಹೂವಿನ, ಕಾಯಿಯ ತುದಿ. ಆ ತುದಿ ಜತೆಗಿಲ್ಲದ ಬರೀ ಎಲೆ, ಬರೀ ಬೀಜ ಅದರೊಳಗೆ ಬರುವುದಿಲ್ಲ. ಈ ವ್ಯಾಖ್ಯಾನ ಹಿಡಿದೇ 2022ರಲ್ಲಿ ನಮ್ಮ ಹೈಕೋರ್ಟ್ ಒಂದು ಜಾಮೀನು ಅರ್ಜಿಯಲ್ಲಿ, ಭಂಗಿ ಈ ಕಾನೂನಿನ ಕೆಳಗೆ ನಿಷೇಧಿತ ಅಲ್ಲ ಎಂದಿತು. ಹಾಗಂತ ಪೂರ್ತಿ ಬಿಡುಗಡೆಯೂ ಅಲ್ಲ, ರಾಜ್ಯದ ಅಬಕಾರಿ ಕಾನೂನು ಬೇರೆ ಇದೆ. ಇಲ್ಲಿ ಸಿಗುವ ಎಣ್ಣೆಗಳೆಲ್ಲ “ವಿಜಯಾ ಎಲೆಯ ಸಾರ” ಎಂದು ಬರುವುದು ಇದೇ ಕಾರಣಕ್ಕೆ. ಎಲೆಯ ಸಾರದಲ್ಲಿ ಟಿಎಚ್‌ಸಿಯೂ ಇರುತ್ತದೆ. 1500 ಮಿ.ಗ್ರಾಂ ಸಾರ ಎಂದರೆ 1500 ಮಿ.ಗ್ರಾಂ ಸಿಬಿಡಿ ಅಲ್ಲವೇ ಅಲ್ಲ. ಇನ್ನು ಹೆಂಪ್ ಬೀಜದ ಎಣ್ಣೆ ಅಡುಗೆ ಎಣ್ಣೆ ಇದ್ದ ಹಾಗೆ. ಅದರಲ್ಲಿ ಸಿಬಿಡಿ ಹುಡುಕಬೇಡಿ.

ನಿವೃತ್ತ ಹವಾಲ್ದಾರ್

ಕಾಫಿಹೂವು ತಂಗಿ, ನಿನ್ನ ಭಾವನ ವಯಸ್ಸು, ಎಲ್ಲಿ ಡ್ಯೂಟಿ ಮಾಡಿದರು ಯಾವುದೂ ಕೇಳಲ್ಲ. ಕೇಳುವುದೂ ಬೇಡ. ನಾನೂ ಅದೇ ದಾರಿಯಲ್ಲಿ ಬಂದವನು.

ನನಗೆ ಕೆಲಸ ಮಾಡಿದ್ದು ಎಣ್ಣೆ ಅಲ್ಲ. ಪ್ರೊಲಾಂಗ್ಡ್ ಎಕ್ಸ್‌ಪೋಷರ್ ಅಂತ ಒಂದು ಥೆರಪಿ. ಹೆಸರೇ ಭಯಂಕರ. ವಾರಕ್ಕೊಮ್ಮೆ ಹೋಗಿ ಕೂರಬೇಕು. ಕಣ್ಣು ಮುಚ್ಚಿ ಆ ದಿನ ಏನಾಯಿತು ಎಂದು ಹೇಳಬೇಕು. ಆಗಿಹೋದದ್ದು ಅಂತ ಅಲ್ಲ, ಈಗ ನಡೀತಿದೆ ಅನ್ನೋ ಥರ: “ನಾನು ಗಾಡಿಯಿಂದ ಇಳೀತಿದ್ದೇನೆ, ಬಲಗಡೆ ಗೋಡೆ ಇದೆ” ಅಂತ. ಮುಗಿದರೆ ಮತ್ತೆ ಮೊದಲಿಂದ. ಅಷ್ಟನ್ನೂ ಮೊಬೈಲಲ್ಲಿ ರೆಕಾರ್ಡ್ ಮಾಡಿ ಕೊಡುತ್ತಾರೆ. ಮನೆಯಲ್ಲಿ ದಿನಾ ಅದನ್ನೇ ಕೇಳಬೇಕು. ನನ್ನದೇ ದನಿ, ನನ್ನದೇ ಕಥೆ. ಮೊದಮೊದಲು ಅರ್ಧಕ್ಕೆ ಇಯರ್‌ಫೋನ್ ಕಿತ್ತು ಎಸೆದಿದ್ದೇನೆ. ಬೆವರಲ್ಲಿ ಬನಿಯನ್ ಒದ್ದೆ. ಹೆಂಡತಿ ಹೊರಗೆ ನಿಂತು ಕಾಯುತ್ತಿದ್ದಳು.

ಆಮೇಲೆ ಒಂದು ದಿನ ಕೇಳ್ತಾ ಕೇಳ್ತಾ ನನಗೆ ಬೇಜಾರಾಯಿತು. ಹೆದರಿಕೆ ಅಲ್ಲ, ಬೇಜಾರು. “ಇದೇ ಕಥೆ ಎಷ್ಟು ಸಲ” ಅಂತ. ಡಾಕ್ಟರಿಗೆ ಹೇಳಿದರೆ ನಕ್ಕುಬಿಟ್ಟರು, ಅದನ್ನೇ ಕಾಯ್ತಿದ್ದೆ ಅಂದರು.

ಮಾತ್ರೆಡಬ್ಬಿ ಸಾಹೇಬರು ಮೇಲೆ ಹೇಳಿದ ಇಲಿಯ ಪಾಠ ಇದೇ ಅಂತ ನನಗೆ ಈಗ ಓದಿ ಗೊತ್ತಾಯಿತು. ಎಣ್ಣೆಯಿಂದ ಈ ಪಾಠ ಸುಲಭ ಆಗುವುದಾದರೆ ಸ್ವಾಗತ. ಪಾಠ ತಪ್ಪಿಸಿಕೊಳ್ಳಲು ಎಣ್ಣೆ ಬೇಡ. ನಮ್ಮವರು ರಮ್ ಕುಡಿದು ಮಾಡಿದ್ದೂ ಅದನ್ನೇ ಅಲ್ವಾ?

ಮಾತ್ರೆಡಬ್ಬಿ

ಹವಾಲ್ದಾರ್ ಸರ್, ನನ್ನ ತರಗತಿಯಲ್ಲಿ ನಾನು ಇಷ್ಟು ಚೆನ್ನಾಗಿ ಹೇಳಲಾರೆ.

ಈ ಎರಡನ್ನೂ, ಅಂದರೆ ಈ ಥೆರಪಿ ಮತ್ತು ಸಿಬಿಡಿಯನ್ನು ಜೋಡಿಸಿ ನೋಡುವ ಟ್ರಯಲ್ ಅಮೆರಿಕದಲ್ಲಿದೆ. ಅಲ್ಲಿನ ಮಾಜಿ ಸೈನಿಕರ ಇಲಾಖೆಯೇ ಹಣ ಕೊಟ್ಟು ಸ್ಯಾನ್ ಡಿಯೇಗೋದಲ್ಲಿ ನಡೆಸಲು ಹೊರಟದ್ದು. 136 ಸೈನಿಕರ ಗುರಿ. ಅರ್ಧ ಜನಕ್ಕೆ ಥೆರಪಿ ಜತೆ ಸಿಬಿಡಿ, ಅರ್ಧ ಜನಕ್ಕೆ ಥೆರಪಿ ಜತೆ ಪ್ಲಸೀಬೊ, ಅಂದರೆ ಔಷಧಿಯ ಹಾಗೇ ಕಾಣುವ ಆದರೆ ಔಷಧಿ ಇಲ್ಲದ್ದು. ಕೇಳಬೇಕಾದ ಪ್ರಶ್ನೆಯನ್ನು ಸರಿಯಾಗಿ ಕೇಳಿರುವುದು ಅಲ್ಲಿ.

ಆದರೆ ಇದೇ ಯೋಚನೆಯನ್ನು ನೆದರ್ಲೆಂಡ್ಸ್‌ನಲ್ಲಿ ಪಿಟಿಎಸ್‌ಡಿ ಬಿಟ್ಟು ಬೇರೆ ಆತಂಕದ ಕಾಯಿಲೆಗಳಲ್ಲಿ ನೋಡಿಯಾಗಿದೆ. ಜನರ ನಡುವೆ ಹೋಗಲು ಹೆದರುವವರು, ಪ್ಯಾನಿಕ್ ಬಂದು ಮನೆಯಿಂದ ಹೊರಬರದವರು, ಒಟ್ಟು 80 ಜನ. ಎಂಟು ಎಕ್ಸ್‌ಪೋಷರ್ ಸೆಷನ್, ಪ್ರತಿ ಸೆಷನ್ನಿಗೂ ಮೊದಲು 300 ಮಿ.ಗ್ರಾಂ ಸಿಬಿಡಿ ಅಥವಾ ಪ್ಲಸೀಬೊ. 2022ರಲ್ಲಿ ಬಂದ ಫಲಿತಾಂಶ: ಸಿಬಿಡಿಯಿಂದ ಏನೂ ಹೆಚ್ಚುವರಿ ಲಾಭ ಇಲ್ಲ. ಈ ಕಡೆ ಆಸೆ ಇಟ್ಟುಕೊಂಡಿದ್ದ ನಮ್ಮಂಥವರಿಗೆ ದೊಡ್ಡ ಪೆಟ್ಟು ಅದು. ಲಂಡನ್ನಿನವರು ಪಾಠದ ನಂತರ ಕೊಟ್ಟಿದ್ದರು, ಇವರು ಮೊದಲು ಕೊಟ್ಟರು, ಆ ವ್ಯತ್ಯಾಸ ಇರಬಹುದು ಎಂದು ವಾದಿಸಬಹುದು. ವಾದ ಅಷ್ಟೆ, ಪುರಾವೆ ಅಲ್ಲ.

ಪಿಟಿಎಸ್‌ಡಿ ರೋಗಿಗಳ ಮೇಲೆಯೇ ಮಾಡಿದ್ದು ಬ್ರೆಜಿಲ್‌ನ ರಿಬೇರಾವ್ ಪ್ರೆಟೋದವರು. ಈ ವಸ್ತುವಿನ ಬೆನ್ನು ಹತ್ತಿ ನಲವತ್ತು ವರ್ಷ ಕೂತಿರುವ ತಂಡ ಅದು. 33 ರೋಗಿಗಳಿಗೆ ಒಂದೇ ಒಂದು ಸಲ 300 ಮಿ.ಗ್ರಾಂ ಕೊಟ್ಟು, ಅವರದೇ ಘಟನೆಯನ್ನು ನೆನಪಿಸಿದರು. ಆತಂಕದಲ್ಲಿ ಒಟ್ಟಾರೆ ವ್ಯತ್ಯಾಸ ಬರಲಿಲ್ಲ. ನೆನಪಾದಾಗ ಬುದ್ಧಿ ಮಂಕಾಗುತ್ತದಲ್ಲ, ಅದು ಮಾತ್ರ ಸ್ವಲ್ಪ ಕಡಿಮೆ ಆಯಿತು.

ಈಗ ಡೋಸಿನ ಲೆಕ್ಕ. ನಿಮ್ಮ ಬಾಟಲಿಯ 1500 ಮಿ.ಗ್ರಾಂ ಪೂರ್ತಿ ಸಿಬಿಡಿಯೇ ಎಂದು ಸುಮ್ನೆ ಇಟ್ಟುಕೊಳ್ಳೋಣ. ಒಂದು ಮಿ.ಲೀ.ಗೆ 50 ಮಿ.ಗ್ರಾಂ. ಹತ್ತು ಹನಿ ಅಂದರೆ ಸುಮಾರು ಅರ್ಧ ಮಿ.ಲೀ., ಅಂದರೆ 25 ಮಿ.ಗ್ರಾಂ. ಟ್ರಯಲ್ಲಿನ 300 ತಲುಪಲು ದಿನಕ್ಕೆ 6 ಮಿ.ಲೀ. ಬೇಕು. ಐದೇ ದಿನಕ್ಕೆ ಬಾಟಲಿ ಖಾಲಿ. ವೈದ್ಯೆ ಹೇಳಿದಂತೆ ನಿಜವಾದ ಸಿಬಿಡಿ ಅದಕ್ಕಿಂತ ಎಷ್ಟೋ ಕಡಿಮೆ. ಜಾಸ್ತಿ ಹಾಕಿದರೆ ಜಾಸ್ತಿ ಗುಣ ಅಂತಲೂ ಇಲ್ಲ. ಬ್ರೆಜಿಲ್ಲಿನವರೇ 150, 300, 600 ಕೊಟ್ಟು ನೋಡಿದಾಗ ಭಾಷಣದ ಹೆದರಿಕೆ ಇಳಿದದ್ದು ನಡುವಿನ 300ರಲ್ಲಿ ಮಾತ್ರ.

ಸುಮ್ನೆಕೇಳ್ದೆ

ಕೊಲರಾಡೋದಲ್ಲಿ 11 ಜನಕ್ಕೆ ಕೊಟ್ಟು 10 ಜನಕ್ಕೆ ಗುಣ ಆಯ್ತು, ಶೇ. 91 ಅಂತ ಎಲ್ಲಾ ಕಡೆ ಹಾಕ್ತಾರಲ್ಲ, ಅದು ಸುಳ್ಳಾ?

ಮಾತ್ರೆಡಬ್ಬಿ

ಸುಳ್ಳಲ್ಲ. 2019ರಲ್ಲಿ ಪ್ರಕಟವಾದದ್ದು. ಎಂಟು ವಾರದಲ್ಲಿ ಲಕ್ಷಣಗಳ ಅಂಕ ಸರಾಸರಿ ಶೇ. 28 ಇಳಿಯಿತು. ಆದರೆ ಅದು ಟ್ರಯಲ್ ಅಲ್ಲ. ಒಂದು ಕ್ಲಿನಿಕ್ಕಿನ ಹಳೇ ಫೈಲುಗಳನ್ನು ತೆಗೆದು ನೋಡಿದ್ದು. ಹೋಲಿಸಲು ಪ್ಲಸೀಬೊ ಗುಂಪು ಇಲ್ಲ. ಆ ರೋಗಿಗಳು ಬೇರೆ ಔಷಧಿ, ಕೌನ್ಸೆಲಿಂಗ್ ಎಲ್ಲ ತೆಗೆದುಕೊಳ್ಳುತ್ತಲೇ ಇದ್ದರು. “ಗುಣ” ಅಲ್ಲ, “ಸ್ವಲ್ಪವಾದರೂ ಇಳಿಕೆ” ಕಂಡವರು ಹತ್ತು ಜನ. ಫೀನಿಕ್ಸ್‌ನಲ್ಲಿ ಬರೀ ಸೊಪ್ಪು ಸೇದಿದವರಿಗೂ ಇಳಿಯಿತು ಎನ್ನುವುದನ್ನು ಇದರ ಪಕ್ಕದಲ್ಲಿಟ್ಟು ಓದಿ.

ನಿರ್ವಾಹಕ

ಒಂದು ಪೋಸ್ಟ್ ತೆಗೆದಿದ್ದೇವೆ. “ನಮ್ಮಲ್ಲಿ ಒರಿಜಿನಲ್ ಸಿಗುತ್ತದೆ, ಇನ್‌ಬಾಕ್ಸ್ ಮಾಡಿ” ಎಂದಿತ್ತು. ಇಲ್ಲಿ ಮಾರಾಟ ಇಲ್ಲ. ಕಾಫಿಹೂವು ಅವರಿಗೆ ಅಂಥ ಖಾಸಗಿ ಮೆಸೇಜ್ ಬಂದಿದ್ದರೆ ನಮಗೆ ಕಳಿಸಿ.

ಕಾಫಿಹೂವು

ಬಂದಿವೆ, ಕಳಿಸಿದ್ದೇನೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹವಾಲ್ದಾರ್ ಅಣ್ಣ, ನೀವು ಬರೆದದ್ದನ್ನು ಅಕ್ಕನಿಗೆ ಓದಿ ಹೇಳಿದೆ. ಭಾವನಿಗೆ ಇನ್ನೂ ಹೇಳಿಲ್ಲ.

ಬಾಟಲಿಯ ಮೇಲೆ ವೈದ್ಯರ ನಿಗಾ ಅಂತ ಇದೆ, ಆದರೆ ಚೀಟಿ ಯಾರೂ ಕೇಳಿಲ್ಲ. ಭಾವ ಆಗಲೇ ಹನಿ ಹಾಕಿಕೊಳ್ಳಲು ಶುರು ಮಾಡಿದ್ದಾರೆ. ಸರ್ಟ್ರಲಿನ್ ಜತೆ ಇದರಿಂದ ತೊಂದರೆ ಇದೆಯಾ? ಬೆಳಿಗ್ಗೆ ಎದ್ದರೆ ಮಂಪರು ಅಂತಾರೆ.

ಮಾತ್ರೆಡಬ್ಬಿ

ಮೊದಲನೆಯದು: ಸರ್ಟ್ರಲಿನ್ ಅನ್ನು ತಟ್ಟನೆ ನಿಲ್ಲಿಸಬಾರದು. “ಎಣ್ಣೆ ಇದೆಯಲ್ಲ, ಮಾತ್ರೆ ಯಾಕೆ” ಎಂದು ಬಿಟ್ಟುಬಿಡುವುದೇ ಇಲ್ಲಿ ದೊಡ್ಡ ಅಪಾಯ. ಪಿಟಿಎಸ್‌ಡಿಗೆಂದೇ ಎಫ್‌ಡಿಎ ಒಪ್ಪಿರುವುದು ಎರಡೇ ಔಷಧಿ, ಸರ್ಟ್ರಲಿನ್ ಮತ್ತು ಪ್ಯಾರಾಕ್ಸಿಟಿನ್.

ಎರಡನೆಯದು: ಸಿಬಿಡಿ ಯಕೃತ್ತಿನಲ್ಲಿ ಔಷಧಿ ಒಡೆಯುವ ಕೆಲವು ಕಿಣ್ವಗಳನ್ನು ತಡೆಯುತ್ತದೆ. ಅದರಲ್ಲಿ ಸಿವೈಪಿ2ಸಿ19 ಎನ್ನುವುದು ಸರ್ಟ್ರಲಿನ್ ಒಡೆಯುವುದರಲ್ಲೂ ಪಾಲುದಾರ. ಸರ್ಟ್ರಲಿನ್‌ನ ತಮ್ಮನಂಥ ಮಾತ್ರೆ ಸಿಟಾಲೊಪ್ರಾಮ್ ಜತೆ ಸಿಬಿಡಿ ಕೊಟ್ಟಾಗ ರಕ್ತದಲ್ಲಿ ಮಾತ್ರೆಯ ಮಟ್ಟ ಏರಿದ್ದನ್ನು 2021ರಲ್ಲಿ ತೋರಿಸಿದ್ದಾರೆ. ಹತ್ತು ಹನಿಯಲ್ಲಿ ಅಷ್ಟು ಆಗದೇ ಇರಬಹುದು. ಆದರೆ ಆ ಹನಿಯಲ್ಲಿ ಏನಿದೆ ಅಂತಲೇ ಬರೆದಿಲ್ಲವಲ್ಲ. ಮಂಪರು ಟಿಎಚ್‌ಸಿಯಿಂದಲೂ ಇರಬಹುದು. ಗಾಡಿ ಓಡಿಸುವುದು ಬೇಡ. ಕೋವಿ ಮನೆಯಲ್ಲಿದ್ದರೆ, ಕೊಡಗು ಎಂದಿರಿ ಅದಕ್ಕೆ ಹೇಳುತ್ತಿದ್ದೇನೆ, ಕೀಲಿ ಅಕ್ಕನ ಹತ್ತಿರ ಇರಲಿ. ಇದನ್ನು ಎಣ್ಣೆಗಾಗಿ ಮಾತ್ರ ಹೇಳುತ್ತಿಲ್ಲ.

ಮೂರನೆಯದು: ಸಿಬಿಡಿಯ ಅಧಿಕೃತ ಔಷಧಿಯೇ ಇದೆ, ಎಪಿಡಯೊಲೆಕ್ಸ್. 2018ರಲ್ಲಿ ಮಕ್ಕಳಲ್ಲಿ ಬರುವ ಅಪರೂಪದ ಮೂರ್ಛೆರೋಗಗಳಿಗೆ ಎಫ್‌ಡಿಎ ಒಪ್ಪಿತು. ಅದರ ಟ್ರಯಲ್ಲುಗಳಲ್ಲೇ ಕೆಲವರಿಗೆ ಯಕೃತ್ತಿನ ಕಿಣ್ವಗಳು ಏರಿದವು, ಮೂರ್ಛೆರೋಗದ ಇನ್ನೊಂದು ಔಷಧಿ ವಾಲ್ಪ್ರೊಯೇಟ್ ತೆಗೆದುಕೊಳ್ಳುವವರಲ್ಲಿ ಜಾಸ್ತಿ. ಆದ್ದರಿಂದ ಅದು ಕೊಡುವಾಗ ರಕ್ತ ಪರೀಕ್ಷೆ ಕಡ್ಡಾಯ. “ಗಿಡದ್ದು, ಏನೂ ಆಗಲ್ಲ” ಎನ್ನುವ ಮಾತು ಅಲ್ಲಿಗೇ ನಿಂತಿತು.

ಬಾಟಲಿಯನ್ನೇ ಕೈಯಲ್ಲಿ ಹಿಡಿದುಕೊಂಡು ಅವರ ಮನೋವೈದ್ಯರ ಹತ್ತಿರ ಹೋಗಿ. ಮುಚ್ಚಿಡಬೇಡಿ. ಬೈದರೂ ಪರವಾಗಿಲ್ಲ.

ಮರಳುಗಾಡಿನ ಕನ್ನಡಿಗ

ಲೇಬಲ್ ವಿಷಯಕ್ಕೆ ಒಂದು ಮಾತು. ಇದು ಭಾರತದ ಕಥೆ ಮಾತ್ರ ಅಂದುಕೊಳ್ಳಬೇಡಿ. 2017ರಲ್ಲಿ ಇಲ್ಲಿ ಆನ್‌ಲೈನಲ್ಲಿ ಸಿಗುವ 84 ಸಿಬಿಡಿ ಉತ್ಪನ್ನ ಕೊಂಡು ಲ್ಯಾಬಿನಲ್ಲಿ ನೋಡಿದರು. ಲೇಬಲ್ ಹೇಳಿದಷ್ಟೇ ಸಿಬಿಡಿ ಇದ್ದದ್ದು 26ರಲ್ಲಿ. 18ರಲ್ಲಿ ಟಿಎಚ್‌ಸಿ ಸಿಕ್ಕಿತು.

ಊರಿಗೆ ಬರುವಾಗ “ಒಂದೆರಡು ಬಾಟಲಿ ತಗೊಂಡು ಬಾ” ಅನ್ನುವವರು ನನಗೂ ಇದ್ದಾರೆ. ತರಲ್ಲ. ಇಲ್ಲಿ ಟಿಎಚ್‌ಸಿ ಶೇ. 0.3ಕ್ಕಿಂತ ಕಡಿಮೆ ಇದ್ದರೆ 2018ರ ಫಾರ್ಮ್ ಬಿಲ್ ಪ್ರಕಾರ ಅದು ಹೆಂಪ್. ಎನ್‌ಡಿಪಿಎಸ್‌ನಲ್ಲಿ ಆ 0.3ರ ಗೆರೆಯೇ ಇಲ್ಲ. ವೈದ್ಯೆ ಹೇಳಿದ ಹೂವು-ಎಲೆಯ ಲೆಕ್ಕವೇ ಅಲ್ಲಿ. ಇಲ್ಲಿನ ಸಿಬಿಡಿ ತೆಗೆಯುವುದು ಹೆಚ್ಚಾಗಿ ಹೂವಿನಿಂದ. ಕೆಂಪೇಗೌಡ ಏರ್‌ಪೋರ್ಟಿನಲ್ಲಿ ಕಸ್ಟಮ್ಸ್‌ನವರಿಗೆ ಇದನ್ನೆಲ್ಲ ವಿವರಿಸುವ ಧೈರ್ಯ ನನಗಿಲ್ಲ.

ಇನ್ನು “ಅಮೆರಿಕದಲ್ಲಿ ಮಾಜಿ ಸೈನಿಕರಿಗೆ ಕೊಡ್ತಾರೆ” ಎಂಬ ಮಾತು. ಮಾಜಿ ಸೈನಿಕರ ಆಸ್ಪತ್ರೆಯ ವೈದ್ಯರು ಗಾಂಜಾ ಬರೆದುಕೊಡುವಂತಿಲ್ಲ. ಬಳಸುತ್ತೇನೆ ಎಂದು ಹೇಳಿದರೆ ಸೌಲಭ್ಯ ಕಿತ್ತುಕೊಳ್ಳುವುದಿಲ್ಲ, ಅಷ್ಟೆ. 2023ರ ಅವರ ಮಾರ್ಗಸೂಚಿ ಪಿಟಿಎಸ್‌ಡಿಗೆ ಗಾಂಜಾ ಮತ್ತು ಅದರಿಂದ ಮಾಡಿದ್ದು ಬೇಡ ಎಂದೇ ಹೇಳುತ್ತದೆ. ಹಾಗಂತ ಬಾಗಿಲು ಮುಚ್ಚಿಲ್ಲ. ಮಿಶಿಗನ್ ರಾಜ್ಯದ ಹಣದಲ್ಲಿ 320 ಮಾಜಿ ಸೈನಿಕರ ಹೊಸ ಟ್ರಯಲ್ಲಿಗೆ ಎಫ್‌ಡಿಎ 2024ರಲ್ಲಿ ಒಪ್ಪಿತು. ಅದರಲ್ಲಿ ನೋಡುವುದು ಟಿಎಚ್‌ಸಿ ಜಾಸ್ತಿ ಇರುವ ಗಾಂಜಾ. ಅದರ ಫಲಿತಾಂಶ ಹೇಗೇ ಬರಲಿ, ಸಿಬಿಡಿ ಎಣ್ಣೆಯ ಡಬ್ಬಿ ಮೇಲೆ ಅದನ್ನು ಅಂಟಿಸುವವರು ಇದ್ದೇ ಇರುತ್ತಾರೆ, ನೋಡ್ತಿರಿ.

ಭಂಗಿಬಸವ

ಟಿಎಚ್‌ಸಿಯನ್ನು ಪೂರ್ತಿ ತೆಗೆದುಹಾಕಬೇಡಿ. ಕೆನಡಾ ಸೇನೆಯವರಲ್ಲಿ ಕೆಟ್ಟ ಕನಸಿಗೆ ಕೆಲಸ ಮಾಡಿದೆ ಅಂತ ಓದಿದ್ದೇನೆ.

ಮಾತ್ರೆಡಬ್ಬಿ

ಸರಿಯಾಗಿಯೇ ಓದಿದ್ದೀರಿ. ನ್ಯಾಬಿಲೋನ್, ಲ್ಯಾಬಿನಲ್ಲಿ ಮಾಡಿದ ಟಿಎಚ್‌ಸಿಯಂಥ ಮಾತ್ರೆ. 2015ರಲ್ಲಿ ಬಂತು. ಪ್ಲಸೀಬೊ ಇಟ್ಟೇ ನೋಡಿದರು, ಕನಸು ಕಡಿಮೆಯಾಯಿತು. ಹತ್ತೇ ಜನ ಎನ್ನುವುದೊಂದು ಕೊರತೆ. ಅದೇ 2015ರಲ್ಲಿ ಅಮೆರಿಕದ 2,276 ಮಾಜಿ ಸೈನಿಕರ ದಾಖಲೆ ನೋಡಿದವರು, ಚಿಕಿತ್ಸೆ ಮುಗಿಸಿ ಹೋದಮೇಲೆ ಗಾಂಜಾ ಶುರು ಮಾಡಿದವರಲ್ಲಿ ಲಕ್ಷಣ, ಜಗಳ, ಕುಡಿತ ಎಲ್ಲವೂ ಜಾಸ್ತಿ ಕಂಡರು. ಗಾಂಜಾದಿಂದ ಹಾಗಾಯಿತೋ, ಕಷ್ಟ ಹೆಚ್ಚಾದವರೇ ಗಾಂಜಾ ಹಿಡಿದರೋ, ಅದನ್ನು ಆ ಲೆಕ್ಕದಿಂದ ಬಿಡಿಸಲು ಆಗುವುದಿಲ್ಲ.

ನಿವೃತ್ತ ಹವಾಲ್ದಾರ್

ತಂಗಿ, ಕೆಲಸದ ಮಾತು. ಭಾವನ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇರುತ್ತದಲ್ಲ, ಪಾಲಿಕ್ಲಿನಿಕ್‌ನಲ್ಲಿ ರೆಫರಲ್ ಬರೆಸಿಕೊಳ್ಳಿ. “ಮಾತ್ರೆ ನಡೀತಿದೆ, ಥೆರಪಿ ಬೇಕು” ಅಂತ ಬಾಯಿಬಿಟ್ಟು ಕೇಳಬೇಕು, ಕೇಳದೆ ಬರೆಯುವುದಿಲ್ಲ. ಬೆಂಗಳೂರಿಗೆ ಹೋಗುವುದಾದರೆ ನಿಮ್ಹಾನ್ಸ್ ಇದೆ. ರಾತ್ರಿ ಹೊತ್ತು ತೀರಾ ಕಷ್ಟ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಇನ್ನೊಂದು. ನೀನು ಹೇಳಿದರೆ ಭಾವ ಕೇಳದಿರಬಹುದು. ಯೂನಿಟ್ಟಿನವರು ಹೇಳಿದ್ದಕ್ಕೆ ತಾನೇ ಎಣ್ಣೆ ತರಿಸಿದ್ದು? ನನ್ನ ನಂಬರ್ ನಿರ್ವಾಹಕರ ಹತ್ತಿರ ಕೊಟ್ಟಿದ್ದೇನೆ. ಫೌಜಿ ಜತೆ ಫೌಜಿ ಮಾತಾಡಿದರೆ ಬೇರೆ.

ಕಾಫಿಹೂವು

ನಂಬರ್ ತಗೊಂಡೆ ಅಣ್ಣ. ಸೋಮವಾರ ಮನೋವೈದ್ಯರ ಹತ್ತಿರ ಹೋಗುತ್ತಿದ್ದೇವೆ. ಬಾಟಲಿ ಅಕ್ಕನ ಬ್ಯಾಗಲ್ಲಿದೆ. ಎಕ್ಸ್‌ಪೋಷರ್ ಥೆರಪಿ ಮೈಸೂರಿನಲ್ಲಿ ಯಾರಾದರೂ ಕನ್ನಡದಲ್ಲೋ ಹಿಂದಿಯಲ್ಲೋ ಮಾಡುತ್ತಾರಾ? ಬೆಂಗಳೂರು ನಮಗೆ ದೂರ, ವಾರ ವಾರ ಹೋಗಿ ಬರುವುದು ಕಷ್ಟ.

ಧಾರವಾಡದ ವೈದ್ಯೆ

ಮೈಸೂರಿನಲ್ಲಿ ನನ್ನ ಗೆಳತಿಯೊಬ್ಬಳು ಕ್ಲಿನಿಕಲ್ ಸೈಕಾಲಜಿಸ್ಟ್, ಅವಳನ್ನು ಕೇಳಿ ಇವತ್ತು ಸಂಜೆಯೊಳಗೆ ಹೇಳುತ್ತೇನೆ. ಯಾರ ಹತ್ತಿರ ಹೋದರೂ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇದೆಯಾ ಕೇಳಿ. ಕೆಲವರು ಮೊದಲ ಒಂದೆರಡು ಭೇಟಿಯ ನಂತರ ವಿಡಿಯೋದಲ್ಲೂ ಮಾಡುತ್ತಾರೆ. ನಿಮ್ಮ ಕಡೆ ನೆಟ್‌ವರ್ಕ್ ಹೇಗಿದೆ?

ಕಾಫಿಹೂವು

ಮಳೆ ಇಲ್ಲದಿದ್ದರೆ ಪರವಾಗಿಲ್ಲ ಮೇಡಂ. ತೋಟದ ಮೇಲಿನ ಮನೆಯಲ್ಲಿ ಸಿಗ್ನಲ್ ಚೆನ್ನಾಗಿದೆ, ಅಲ್ಲಿ ಕೂರಿಸುತ್ತೇವೆ.